ಕೋರಂ ಎಂಬ ಷಷ್ಠೀ ವಿಭಕ್ತಿಗೆ

ಲ್ಯಾಟಿನ್ ಮನೆತನದಲ್ಲಿ ಹುಟ್ಟಿ, ಕಾನೂನಿನ ಕೈಹಿಡಿದು ಲೋಕವೆಲ್ಲ ಸುತ್ತಿ, ಕಡೆಗೆ ನಮ್ಮ ಹನ್ನೆರಡು ಮನೆಗಳ ಕಟ್ಟಡದ ಸಂಘದ ನಿಯಮಾವಳಿಯಲ್ಲಿ ಬಿಡಾರ ಹೂಡಿರುವ ಮಾನ್ಯ ಕೋರಂ ಅವರೇ,

ಸದರಿ ಸಂಘದ ಕಾರ್ಯದರ್ಶಿಯೂ ನಿವೃತ್ತ ವ್ಯಾಕರಣ ಮೇಷ್ಟ್ರೂ ಆದ ನಾನು ತಮ್ಮ ಪಾದಾರವಿಂದಗಳಿಗೆ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಬಹಳ ದೊಡ್ಡವರೆಂದು ಈವರೆಗೆ ನಂಬಿದ್ದೆ. ಮೊನ್ನೆ ನಿಘಂಟು ತೆರೆದರೆ ತಾವು ಹುಟ್ಟಾ ನಾಮಪದವೇ ಅಲ್ಲ. ‘ಯಾರ’ ಎಂಬರ್ಥದ ಸರ್ವನಾಮ, ಷಷ್ಠೀ ವಿಭಕ್ತಿ, ಬಹುವಚನ! ಹಿಂದೆ ನ್ಯಾಯಾಧಿಕಾರಿಗಳನ್ನು ನೇಮಿಸುವ ಲ್ಯಾಟಿನ್ ಆಜ್ಞಾಪತ್ರದಲ್ಲಿ ‘ಯಾರ ಪೈಕಿ ತಾವೂ ಒಬ್ಬರಾಗಿರಬೇಕೋ’ ಎಂದು ಬರೆಯುತ್ತಿದ್ದರಂತೆ. ಉಳಿದ ಪದಗಳೆಲ್ಲ ಕಳಚಿ ಬಿದ್ದು ತಾವೊಬ್ಬರೇ ಗದ್ದುಗೆ ಏರಿದಿರಿ. ಒಂದು ವಿಭಕ್ತಿ ಇಷ್ಟು ಮೇಲೆ ಬಂದದ್ದನ್ನು ನನ್ನ ಸೇವಾವಧಿಯಲ್ಲೇ ಕಂಡಿಲ್ಲ. ಅಭಿನಂದನೆಗಳು.

ನಮ್ಮ ಕಟ್ಟಡದ ಕೊನೆಯ ಎಂಟು ಮೆಟ್ಟಿಲುಗಳ ಪಕ್ಕದ ಕಬ್ಬಿಣದ ಕಂಬಿ ಅಲುಗಾಡತೊಡಗಿ ನಾಲ್ಕು ತಿಂಗಳಾಯಿತು. ರಿಪೇರಿಗೆ ಸಭೆಯ ಒಪ್ಪಿಗೆ ಬೇಕು, ಸಭೆಗೆ ತಾವು ಬೇಕು, ತಮಗೆ ಏಳು ಮನೆಯವರು ಬೇಕು. ಮೆಟ್ಟಿಲ ಬುಡದಲ್ಲೇ ಕುರ್ಚಿ ಹಾಕಿ ಮೂರು ಸಲ ಸಭೆ ಕರೆದೆ. ಮೂರು ಸಲವೂ ಆರೇ ಜನ. ನಾಲ್ಕನೆಯ ಸಲಕ್ಕೆ ಮೇಲ್ಮಹಡಿಯ ಟೈಲರನ್ನು ಕೈಮುಗಿದು ಒಪ್ಪಿಸಿದೆ. ಪಾಪ, ತಮ್ಮನ್ನು ಭರ್ತಿ ಮಾಡಲೆಂದೇ ಇಳಿದು ಬರುತ್ತಿದ್ದವರ ಕೈಗೆ ಅದೇ ಕಂಬಿ ಕಿತ್ತುಬಂದು, ಎಂಟೂ ಮೆಟ್ಟಿಲನ್ನು ಕೂತೇ ಇಳಿದು, ಕಂಬಿ ಸಮೇತ ಸಭೆಗೆ ಹಾಜರಾದರು. ಏಳು! ನಾಚಿಕೆಗೇಡು, ಅವರನ್ನು ಎತ್ತುವ ಮೊದಲು ನಾನು ಎಣಿಸಿದೆ. ಅಷ್ಟರಲ್ಲಿ ಅಧ್ಯಕ್ಷರು ಅವರ ಕಾಲಿಗೆ ಮಂಜುಗಡ್ಡೆ ತರಲು ಎದ್ದು ಹೋದರು. ಮತ್ತೆ ಆರು.

ಟೈಲರ ಹೆಂಡತಿ ಓಡಿಬಂದರು. ಗಂಡನ ಊದಿದ ಪಾದವನ್ನೂ ನನ್ನ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನೂ ನೋಡಿ, “ಮೇಷ್ಟ್ರೇ, ಇನ್ನೂ ಎಷ್ಟು ಜನ ಬಿದ್ರೆ ನಿಮ್ಮ ಕೋರಂ ತುಂಬುತ್ತೆ?” ಅಂದರು. ಜೀವಮಾನವೆಲ್ಲ ಪ್ರಶ್ನೆ ಕೇಳಿಯೇ ಬದುಕಿದವನು ನಾನು. ಪುಸ್ತಕ ಮುಚ್ಚಿ, ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ನಡೆದೆ. ಅರ್ಧ ಗಂಟೆಯಲ್ಲಿ ಕಂಬಿ ಗಟ್ಟಿಯಾಯಿತು. ತಮ್ಮ ಅಪ್ಪಣೆಯಿಲ್ಲದೆ ಎಸಗಿದ ಈ ಅಪರಾಧಕ್ಕೆ ಎಳ್ಳಷ್ಟೂ ಪಶ್ಚಾತ್ತಾಪವಾಗುತ್ತಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ.

ಆದಕಾರಣ ತಾವು ದಯಮಾಡಿ ಏಕವಚನಕ್ಕೆ ಇಳಿದು, ಒಬ್ಬನೇ ಮನುಷ್ಯ ಬಿದ್ದರೂ ತುಂಬುವಂತಾಗಬೇಕೆಂದು ಪ್ರಾರ್ಥನೆ.

ತಪ್ಪದೆ ಬಂದ ಆರು ಜನರ ಪರವಾಗಿ,
ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ವಿ.ಸೂ.: ಒಪ್ಪಿಗೆಯಿಲ್ಲದೆ ರಿಪೇರಿ ಮಾಡಿಸಿದ ನನ್ನನ್ನು ವಿಚಾರಿಸಿಕೊಳ್ಳಲು ನಿನ್ನೆ ಸಭೆ ಸೇರಿತ್ತು. ಹನ್ನೆರಡೂ ಮನೆಯವರು ಬಂದಿದ್ದರಿಂದ ಕುರ್ಚಿ ಸಾಲದೆ ತಾವು ನಿಂತೇ ಇರಬೇಕಾಯಿತು, ಕ್ಷಮಿಸಿ. ಕಂಬಿಯ ಬಣ್ಣ ಸರಿಯಿಲ್ಲವಂತೆ.