ಕೆಂಪು ಡಬ್ಬಿಯೋ, ನೀಲಿ ಡಬ್ಬಿಯೋ

ಅಂಗಡಿಗೆ ಹೋಗಿ ಒಂದೇ ಏಟಿಗೆ ವಸ್ತು ಕೊಂಡು ಬರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಬದನೆಕಾಯಿ ಕೊಳ್ಳಲಿಕ್ಕೂ ಹುಣಸೂರಿನ ಸಂತೆಯನ್ನು ಎರಡು ಸುತ್ತು ಹಾಕಿ, ಕೊನೆಗೆ ಮೊದಲು ನೋಡಿದವನ ಹತ್ತಿರವೇ ವಾಪಸು ಹೋಗುವವನು. ಅಷ್ಟು ಹೊತ್ತಿಗೆ ಅವನ ಬದನೆಕಾಯಿ ಖಾಲಿಯಾಗಿರುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ್ದರಿಂದ ಇದಕ್ಕೆ ಕೂಲಂಕಷ ಪರಿಶೀಲನೆ ಎಂದು ಹೆಸರಿಟ್ಟುಕೊಂಡಿದ್ದೇನೆ. ಹೆಂಡತಿ ಇಟ್ಟಿರುವ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಈ ಸಲ ಪರಿಶೀಲನೆಯಲ್ಲಿ ಕೈಬಿಟ್ಟು ಹೋದದ್ದು ಬದನೆಕಾಯಿಯಲ್ಲ.

ರಾವಂದೂರಿನಲ್ಲಿ ನನ್ನ ಸೋದರತ್ತೆ ನಿಂಗಮ್ಮ ಇದ್ದಾರೆ. ಅವರೂ ಪಕ್ಕದ ಮನೆಯ ಕೆಂಪಮ್ಮನೂ ಜೋಡಿಯಾಗಿ ಸೋಬಾನೆ ಹೇಳುವವರು. ಕೆಂಪಮ್ಮ ಒಂದು ಸಾಲು ಎತ್ತಿಕೊಟ್ಟರೆ ಅತ್ತೆ ಅದನ್ನು ಹಿಂದೆಯೇ ಹಿಡಿದು ಹೇಳುತ್ತಾರೆ. ಕಳೆದ ವರ್ಷ ಬೇಸಿಗೆಯಲ್ಲಿ ಕಂಪಲಾಪುರದಲ್ಲಿ ನನ್ನ ತಂಗಿಯ ಮಗಳ ಮದುವೆಯಾದಾಗ, ಚಪ್ಪರದಲ್ಲಿ ಕೂತು ಅವರಿಬ್ಬರೂ ಹೇಳಿದ್ದನ್ನು ನನ್ನ ಹೊಸ ಕ್ಯಾಮೆರಾದಲ್ಲಿ ಒಂದು ಗಂಟೆ ತುಂಬಿಕೊಂಡೆ. ಮುಗಿದ ಮೇಲೆ ಕೆಂಪಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಪಕ್ಕಕ್ಕೆ ತಳ್ಳಿಕೊಂಡು, “ಮೇಷ್ಟ್ರೇ, ನಮ್ಮಿಬ್ರನ್ನೂ ಒಂದ್ಸಲ ಟೀವೀಲಿ ತೋರ್ಸಿ ಕಣ್ರಪ್ಪ. ಇಷ್ಟ್ ವರ್ಸದಿಂದ ಸೋಬಾನೆ ಏಳ್ತಿವ್ನಿ, ಏಳೋವಾಗ ನನ್ ಮಕ ಎಂಗಿರ್ತದೆ ಅಂತ ನಂಗೇ ಗೊತ್ತಿಲ್ಲ” ಎಂದರು. ಒಂದು ವಾರದಲ್ಲಿ ತರುತ್ತೇನೆ ಎಂದು ಮಾತು ಕೊಟ್ಟೆ.

ತೊಡಕಾದದ್ದು ಆ ಫೈಲಿನ ಗಾತ್ರದಿಂದ. ಅತ್ತೆಯ ಮನೆಯ ಟೀವಿಯಲ್ಲಿ ಅದು ಓಡುತ್ತಿರಲಿಲ್ಲ. ಅರೆದು ಸಣ್ಣದು ಮಾಡಬೇಕು. ಅದಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ. ನನ್ನ ಹಳೆಯ ಕಂಪ್ಯೂಟರು ಎಂಟು ಗಂಟೆ ಬೇಕು ಎಂದಿತು. ಒಂದು ಗಂಟೆಯ ಹಾಡಿಗೆ ಎಂಟು ಗಂಟೆಯೇ? ನನಗೇಕೋ ಅವಮಾನವಾಯಿತು. ಕಂಪ್ಯೂಟರಿಗೆ ಹೊಸ ಪ್ರೊಸೆಸರ್, ಅಂದರೆ ಹೊಸ ಮಿದುಳು, ಹಾಕಿಸಿಯೇ ಮಾಡುವುದೆಂದು ನಿಶ್ಚಯಿಸಿದೆ. “ರೀ, ಕ್ಯಾಮೆರಾದ ಹಿಂದಿರೋ ಪರದೇಲೇ ತೋರಿಸಿ ಬನ್ನಿ, ಪಾಪ, ಆಸೆಪಟ್ಟಿದ್ದಾರೆ” ಎಂದಳು ಹೆಂಡತಿ. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಕಲೆಯನ್ನು ತೋರಿಸಬಾರದೆಂದು ಅವಳಿಗೆ ಒಂದು ಪೀರಿಯಡ್ಡು ಪಾಠ ಮಾಡಿದೆ.

ನಾನು ನೋಡಿದ ಪ್ರೊಸೆಸರುಗಳು ಎರಡು, ಒಂದು ಕೆಂಪು ಡಬ್ಬಿಯದು, ಇನ್ನೊಂದು ನೀಲಿ ಡಬ್ಬಿಯದು. ನನಗೆ ಅರ್ಥವಾದ ಮಟ್ಟಿಗೆ, ಕೆಂಪಿನೊಳಗೆ ಹದಿನಾರು ಆಳುಗಳು ಒರಳು ಹಿಡಿದು ಕೂತಿದ್ದಾರೆ. ನೀಲಿಯಲ್ಲಿ ಆಳು ಕಡಿಮೆ, ಆದರೆ ಒಳಗೇ ಒಂದು ಮಿಕ್ಸಿ ಇದೆ. ಮಿಕ್ಸಿಯಲ್ಲಿ ಬೇಗ ಆಗುತ್ತದೆ, ಒರಳಿನ ರುಚಿ ಬರುವುದಿಲ್ಲ ಎಂದು ಇಂಟರ್‌ನೆಟ್ಟಿನ ಒಬ್ಬ ಪಂಡಿತ. ರುಚಿಯಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ಇನ್ನೊಬ್ಬ. ನಾನು ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ವಸ್ತು ಯಾರಾದರೂ ಕೊಳ್ಳುತ್ತಾರೆಯೇ? ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ಹೇಳುವ ನನಗೆ ಅದು ಬಹಳ ಅನುಕೂಲವಾಗಿ ಕಂಡಿತು. ಆಮೇಲೆ ಹೊಸ ಮಾಡೆಲ್ ಬರುತ್ತದೆಂಬ ಸುದ್ದಿ, ಆಮೇಲೆ ಪಿತೃಪಕ್ಷ, ಆಮೇಲೆ ದಸರಾ ಕಳೆದರೆ ಬೆಲೆ ಇಳಿದೀತೆಂಬ ಆಸೆ. ಕಂಪ್ಯೂಟರ್ ಅಂಗಡಿಯ ಸ್ವಾಮಿ ಬೇಸತ್ತು, “ಸಾರ್, ಎರಡೂ ಓಡ್ತವೆ. ಮನೆಗೆ ಸೊಸೆ ತರೋರೂ ಇಷ್ಟ್ ವಿಚಾರ್ಸಾಕಿಲ್ಲ. ಯಾವ್ದಾರ ಒಂದ್ ತಕಂಡೋಗಿ ಅತ್ಲಾಗೆ” ಎಂದ.

ನಮ್ಮಪ್ಪ ಎತ್ತು ಕೊಳ್ಳುವಾಗಲೂ ಹೀಗೆಯೇ. ಹಲ್ಲು ಹಿಡಿದು ನೋಡಿ, ಸುಳಿ ನೋಡಿ, ನಡೆಸಿ ನೋಡಿ, ಮೂರು ವಾರ ಸತಾಯಿಸುತ್ತಿದ್ದರು. ಆದರೆ ಮನೆಗೆ ತಂದ ಮರುದಿನ ಬೆಳಿಗ್ಗೆಯೇ ಹೊಗೆಸೊಪ್ಪಿನ ಹೊಲಕ್ಕೆ ಹೂಡುತ್ತಿದ್ದರು. ನೆಲದ ಹದ ತಪ್ಪಿದರೆ ಎಂಥ ಎತ್ತಿದ್ದರೂ ಪ್ರಯೋಜನವಿಲ್ಲವೆಂದು ಅವರಿಗೆ ಗೊತ್ತಿತ್ತು. ನನಗೆ ಬಂದದ್ದು ಹಲ್ಲು ನೋಡುವ ಬುದ್ಧಿ ಮಾತ್ರ.

ರಾವಂದೂರಿಗೆ ಹೋದಾಗಲೆಲ್ಲ ಕೆಂಪಮ್ಮ ಜಗಲಿಯಿಂದಲೇ, “ಬಂತಾ ಮೇಷ್ಟ್ರೇ ನಿಮ್ ಮಿಸನ್ನು?” ಎಂದು ಕೇಳುತ್ತಿದ್ದರು. ಬರುವ ತಿಂಗಳು ಎನ್ನುತ್ತಿದ್ದೆ. “ಆಗ್ಲಿ ಬುಡಿ, ನಾವೇನ್ ಎಲ್ಗೋದೇವು” ಎನ್ನುತ್ತಿದ್ದರು.

ಈ ಯುಗಾದಿ ಕಳೆದು ಒಂದು ವಾರಕ್ಕೆ ಕೆಂಪಮ್ಮ ತೀರಿಕೊಂಡರು. ಎರಡು ದಿನದ ಜ್ವರ, ಅಷ್ಟೇ. ಅತ್ತೆಯ ಫೋನು ಬಂದಾಗ ನಾನು ಎರಡು ಡಬ್ಬಿಗಳ ಗುಣಾವಗುಣಗಳನ್ನು ಹಾಳೆಯ ಮೇಲೆ ಗೆರೆ ಹಾಕಿಕೊಂಡು ಬರೆಯುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ತಿಥಿ ಮುಗಿಸಿಕೊಂಡು ಬಂದವನೇ ಸ್ವಾಮಿಯ ಅಂಗಡಿಗೆ ಹೋಗಿ, ಅವನು ಕೊಟ್ಟದ್ದನ್ನು ತಂದು ಹಾಕಿಸಿದೆ. ಬಣ್ಣ ಯಾವುದೆಂದು ಕೇಳಬೇಡಿ. ಹಾಡು ಪೂರ್ತಿ ಹನ್ನೆರಡು ನಿಮಿಷದಲ್ಲಿ ಅರೆದು ಮುಗಿಯಿತು. ಎಂಟು ಗಂಟೆ ಉಳಿಸುವುದಕ್ಕೆ ನಾನು ಹೆಚ್ಚುಕಡಿಮೆ ಒಂದು ವರ್ಷ ಕಳೆದಿದ್ದೆ.

ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಅತ್ತೆಯ ಟೀವಿಗೆ ಚುಚ್ಚಿದೆ. ಟೀವಿಯಲ್ಲಿ ಕೆಂಪಮ್ಮ ಸಾಲು ಎತ್ತಿಕೊಟ್ಟರು. ಟೀವಿಯ ಅತ್ತೆ ಹಿಂದೆ ಹಿಡಿದರು. ಚಾಪೆಯ ಮೇಲೆ ಕೂತಿದ್ದ ಅತ್ತೆಯೂ ಸಣ್ಣ ದನಿಯಲ್ಲಿ ಹಿಡಿದರು. ಒಂದು ಗಂಟೆಯೂ ಹಾಗೆಯೇ ನಡೆಯಿತು. ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಕೆಂಪಿ ನೋಡು, ಕಣ್ ಮುಚ್ಕಂಡೇ ಏಳ್ತಾಳೆ. ಇಷ್ಟ್ ವರ್ಸ ಪಕ್ದಲ್ಲೇ ಕುಂತಿದ್ರೂವೆ ನಾನೇ ನೋಡಿರ್ನಿಲ್ಲ” ಎಂದರು. ಟೀವಿಯ ಕಡೆ ಕೈ ತೋರಿಸಿ, “ಇದ ಮಾಡಾಕೆ ಎಷ್ಟೊತ್ತು ಇಡೀತು ಮಗಾ?” ಎಂದು ಕೇಳಿದರು.

ಹನ್ನೆರಡು ನಿಮಿಷ ಎನ್ನಲು ಬಾಯಿ ಬರಲಿಲ್ಲ. “ಒಂದು ವರ್ಷ ಹಿಡೀತು ಅತ್ತೆ” ಎಂದೆ.

“ಅಯ್ಯೋ, ನೀನೂ ಎಷ್ಟ್ ಕಷ್ಟ ಬಿದ್ದಿದ್ದೀಯ ಕಣ್ ಮಗಾ. ಬಾ, ಕೈ ತೊಳ್ಕ, ಉಪ್ಸಾರು ಮಾಡಿವ್ನಿ” ಎಂದರು ಅತ್ತೆ.

ನಾನು ಅವರನ್ನು ತಿದ್ದಲಿಲ್ಲ. ಕೈ ತೊಳೆದುಕೊಂಡು ಬಂದು, ಕಷ್ಟಪಟ್ಟವನ ಹಾಗೆ ಎರಡು ಮುದ್ದೆ ಉಂಡೆ.