ದೋಣಿ ಕೂಗಿದವಳು

ಗಂಗೆ ಚಾದ ಕಪ್ಪು-ಬಸಿ ಒರೆಸುತ್ತಿದ್ದಳು. ಒಂದಕ್ಕೊಂದು ತಾಗಲಿಲ್ಲ, ಸದ್ದಾಗಲಿಲ್ಲ. ಬೆಕ್ಕು ಹಾಲು ಕುಡಿಯುವಾಗಲೂ ಇದಕ್ಕಿಂತ ಹೆಚ್ಚು ಸಪ್ಪಳವಿರುತ್ತದೆ. ಆ ನಿಶ್ಶಬ್ದಕ್ಕೆ ಹೆದರಿ ದೊಡ್ಡಮ್ಮ ಕಾಳಿ ಒಳಗೆ ಇಣುಕಿದಳು.

"ಎಂತ ಆತೇ ನಿಂಗೆ? ಜ್ವರವಾ?"

ಗಂಗೆ ಅಲ್ಲವೆಂದು ತಲೆಯಾಡಿಸಿ ನಕ್ಕಳು, ಹಲ್ಲು ಕಾಣದ ಹಾಗೆ.

ಇದೆಲ್ಲ ಮಹಿಳಾ ಮಂಡಳದ ಪಾಠ. ಕುಮಟೆಯಿಂದ ಬಂದ ಶ್ರೀಮತಿ ಅಕ್ಕೋರು ಊರಿನ ಹೆಂಗಸರಿಗೆ ಶಿಷ್ಟಾಚಾರ ಕಲಿಸುತ್ತಿದ್ದರು: ಮೆಲ್ಲಗೆ ನಡೆಯಬೇಕು, ಮೆಲ್ಲಗೆ ನಗಬೇಕು, ಮೆಲ್ಲಗೆ ಮಾತಾಡಬೇಕು. ಪಕ್ಕದ ಮನೆಯ ದುರ್ಗಿ ಮೊದಲ ದಿನವೇ ಎದ್ದು ನಿಂತಿದ್ದಳು.

"ಅಕ್ಕೋರೆ, ಕಂಡಲ್ಲಿ ಕವಳ ಉಗಿಯೂದು ಗಂಡಸ್ರು, ಚಾ ಸೊರ್ರ್ ಅಂತ ಹೀರೂದು ಗಂಡಸ್ರು. ಪಾಠ ಮಾತ್ರ ನಮ್ಗೆ ಎಂತಕೆ?"

"ಗಂಡಸರಿಗೆ ಕಲಿಸು ಅಂತ ನನಗೆ ಯಾರೂ ಹೇಳಲಿಲ್ಲವಲ್ಲಮ್ಮ" ಎಂದರು ಅಕ್ಕೋರು. ದುರ್ಗಿ ಮರುದಿನದಿಂದ ಬರಲಿಲ್ಲ.

ದುರ್ಗಿಯ ಮಾತು ಗಂಗೆಗೂ ಸರಿಯೆನಿಸಿತ್ತು. ಆದರೆ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ "ಬನ್ನಿ ಗಂಗಾಬಾಯಿ, ಕೂತುಕೊಳ್ಳಿ" ಎಂದು ಕುರ್ಚಿ ತೋರಿಸಿದವರು ಈ ಲೋಕದಲ್ಲಿ ಅಕ್ಕೋರು ಒಬ್ಬರೇ. ಆ ಕುರ್ಚಿಯ ಋಣಕ್ಕೆ ಅವಳು ಜನ್ಮವಿಡೀ ಪಿಸುಗುಡಲೂ ತಯಾರಿದ್ದಳು. ಅದೇ ಅವಳಿಗೆ ಕಷ್ಟದ ಕೆಲಸ. ಅವಳದು ಹೊಳೆ ದಾಟುವ ದನಿ.

ಇವತ್ತು ಆಚೆ ದಡದಿಂದ ಅವಳನ್ನು ನೋಡಲು ಬರುವವರಿದ್ದರು. ಹುಡುಗ ಮಂಜು. ಹಿಂದೊಮ್ಮೆ ಇಡಗುಂಜಿಗೆ ಹೊರಟಾಗ, ತುಂಬಿದ ಲಾಂಚಿನಲ್ಲಿ ತನ್ನ ಗಂಟನ್ನು ತೊಡೆಯ ಮೇಲೇರಿಸಿ ಗಂಗೆಗೆ ಕೂರಲು ಜಾಗ ಮಾಡಿಕೊಟ್ಟವನು. ಯಾವ ಮಂಡಳಕ್ಕೂ ಹೋಗದೆ ಅಷ್ಟು ಕಲಿತವನು! ಮದುವೆಯಾದರೆ ಇವನನ್ನೇ ಎಂದು ಗಂಗೆ ಅಂದೇ ಮನಸ್ಸಿನಲ್ಲಿ ಹೇಳಿಕೊಂಡಿದ್ದಳು.

ಬಿಸಿಲೇರಿತು. ಆಚೆ ದಡದಲ್ಲಿ ಮಂಜು ಮತ್ತು ಅವನ ತಾಯಿ ಛತ್ರಿ ಬೀಸಿ ಬೀಸಿ ಸೋತರು. ದೋಣಿ ದಾಟಿಸುವ ಅಂಬಿಗ ಜಟ್ಟಿ ಹೊಳೆಯ ನಡುವಿನ ಗೂಟಕ್ಕೆ ದೋಣಿ ಕಟ್ಟಿ, ಮುಖಕ್ಕೆ ಅಡಿಕೆ ಹಾಳೆಯ ಟೊಪ್ಪಿ ಮುಚ್ಚಿ ಮಲಗಿಬಿಟ್ಟಿದ್ದ. ಈಚೆ ದಡದಿಂದ ದೊಡ್ಡಪ್ಪ ತಿಮ್ಮ ಕೂಗಿದ, ಆಡು ಕೆಮ್ಮಿದಂತಾಯಿತು. ದುರ್ಗಿಯ ತಾಯಿ ಕೊಡಪಾನ ತಂದು ಬಡಿದಳು. ಊರಿನ ನಾಯಿಗಳೆಲ್ಲ ಎದ್ದವು, ಜಟ್ಟಿ ಏಳಲಿಲ್ಲ.

"ದೊಡ್ಡಮ್ಮ, ನಾ ಕೂಗಲಾ?"

"ಬಾಯಿ ಮುಚ್ಚೇ! ಮದುಮಗಳೇ ದೋಣಿ ಕೂಗೂದಾ? ಮರ್ಯಾದಿ ಎಂತ ಉಳೀತು?"

ಅಷ್ಟರಲ್ಲಿ ಆಚೆ ದಡದ ತಾಯಿ ಚೀಲ ಎತ್ತಿಕೊಂಡು ಬಂದ ದಾರಿಗೆ ತಿರುಗಿದಳು. ಗಂಗೆಗೆ ತಡೆಯಲಾಗಲಿಲ್ಲ. ಕೇದಗೆಯ ಪೊದೆಯ ಮರೆಗೆ ಓಡಿ, ಸೆರಗು ಬಿಗಿದು, ಉಸಿರೆಳೆದಳು.

"ಓ... ಜಟ್ಟಣ್ಣಾ... ಹೋಯ್! ದೋಣಿ ತಾರೋ!"

ಕೊಕ್ಕರೆಗಳು ಹಾರಿದವು. ಜಟ್ಟಿ ಎದ್ದ ರಭಸಕ್ಕೆ ಹೊಳೆಗೇ ಬಿದ್ದ.

ಅಂತೂ ಬೀಗರು ಬಂದು ಜಗುಲಿಯಲ್ಲಿ ಕೂತರು. ಶಿಷ್ಯೆಯ ಪರೀಕ್ಷೆ ನೋಡಲು ಅಕ್ಕೋರೂ ಆಗತಾನೇ ಬಂದು ಸೇರಿದರು. ಗಂಗೆ ತಟ್ಟೆ ತಂದಳು. ಒಂದು ಹನಿ ಚಾ ಚೆಲ್ಲಲಿಲ್ಲ. "ಬಿಸಿಲಲ್ಲಿ ಬಂದವರಿಗೆ ದೊಡ್ಡ ಉಪಕಾರ ಆತು" ಎಂದು ಮಂಜು ಕಪ್ಪು ತೆಗೆದುಕೊಂಡ. ಗಂಗೆಯ ಕಿವಿ ಕೆಂಪಾಯಿತು.

ಅವನ ತಾಯಿಯದು ಮಾತ್ರ ಗಂಟುಮೋರೆ. ಒಡೆದ ಗಂಟಲಲ್ಲಿ ಕೇಳಿದಳು: "ಹೊಳೆ ಹತ್ರ ಕೂಗಿದ ಹುಡ್ಗಿ ಯಾರು?"

ದೊಡ್ಡಮ್ಮ ತಟ್ಟನೆ ನಡುವೆ ಬಾಯಿ ಹಾಕಿದಳು. "ಅದಾ? ಅದು ಪಕ್ಕದ ಮನೆ ದುರ್ಗಿ. ನಮ್ಮ ಗಂಗೆ ದನಿ ಅಡಿಗೆಮನೆ ಹೊಸ್ತಿಲೂ ದಾಟೂದಿಲ್ಲ."

"ಖರೆ ಮಾತು" ಎಂದರು ಏನೂ ತಿಳಿಯದ ಅಕ್ಕೋರು. "ನಮ್ಮ ಮಂಡಳದಲ್ಲಿ ಇವರಷ್ಟು ಮೆತ್ತಗೆ ಮಾತಾಡುವವರೇ ಇಲ್ಲ."

ಗಂಗೆ ಬಾಯಿ ತೆರೆದಳು. ಹೆಮ್ಮೆಯಿಂದ ಅರಳಿದ್ದ ಅಕ್ಕೋರ ಮುಖ ಕಂಡಿತು. ಕುರ್ಚಿ ಕೊಟ್ಟವರನ್ನು ನಾಲ್ಕು ಜನರೆದುರು ಸುಳ್ಳಾಗಿಸುವುದು ಹೇಗೆ? ತೆರೆದ ಬಾಯಿ ಮುಚ್ಚಿದಳು.

ತಾಯಿ ಕಪ್ಪು ಕೆಳಗಿಟ್ಟಳು. "ನಮ್ದು ಕುರ್ವೆ ಮನೆ ಮಾರಾಯ್ತಿ, ನಾಕೂ ಸುತ್ತು ನೀರು. ಉಪ್ಪು ಬೇಕಂದ್ರೂ ದೋಣಿ ಕೂಗ್ಬೇಕು, ಸೂಲಗಿತ್ತಿ ಬೇಕಂದ್ರೂ ಕೂಗ್ಬೇಕು. ಕೂಗಿ ಕೂಗಿ ನನ್ನ ಗಂಟ್ಲೇ ಹೋತು. ಇವತ್ತು ಆ ದನಿ ಕೇಳಿ ಬಿಸ್ಲಲ್ಲೂ ಜೀವ ತಂಪಾತು. ಅದು ದೇವ್ರು ಕೊಟ್ಟ ದನಿ. ನಿಮ್ಮ ಹುಡ್ಗಿ ಬಾಳ ಒಳ್ಳೇಳು. ಆದ್ರೆ ಅಲ್ಲಿ ಮೆತ್ತಗಿದ್ರೆ ನಡೀದಿಲ್ಲ. ಏಳಾ ಮಂಜು."

ಮಂಜು ಅರೆ ಕುಡಿದ ಚಾ ನೋಡಿದ, ಗಂಗೆಯನ್ನು ನೋಡಿದ, ಎದ್ದ.

ಅವಳ ದನಿಯನ್ನು ಯಾರಾದರೂ ಹೊಗಳಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಗಂಗೆಗೆ ಅಳು ಬರುವ ಬದಲು, ಓಡಿಹೋಗಿ ಆ ತಾಯಿಯ ಕಾಲು ಮುಟ್ಟಬೇಕೆನಿಸಿತು.

ಅಷ್ಟರಲ್ಲಿ ತಾಯಿ-ಮಗ ಅಂಗಳ ದಾಟಿದ್ದರು. ಬೇಲಿಯಾಚೆಯಿಂದ ದುರ್ಗಿಯ ತಾಯಿಯ ಮಾತು ಕೇಳಿತು. "ಹೌದ್ರಾ, ಕೂಗಿದ್ದು ನಮ್ಮ ದುರ್ಗಿಯೇ! ದಿನಾ ಅವಳೇ ಕೂಗೂದು! ಬನ್ನಿ, ಒಳಗೆ ಬನ್ನಿ!"

ದುರ್ಗಿಯ ದನಿಯೋ ಒದ್ದೆಯಾದ ಬೆಂಕಿಕಡ್ಡಿ. ಎಷ್ಟು ಗೀರಿದರೂ ಹತ್ತುವುದಿಲ್ಲ.

ದೊಡ್ಡಮ್ಮ, ದೊಡ್ಡಪ್ಪ, ಅಕ್ಕೋರು ಮೂವರೂ ಓಡಿ ಬೇಲಿಗೆ ಮುಖ ಹಚ್ಚಿ ನಿಂತರು. ಅವರ ಬೆನ್ನ ಹಿಂದೆ ಬಂದು ನಿಂತ ಗಂಗೆ, ಕಲಿತದ್ದನ್ನು ಒಂದಿಷ್ಟೂ ಮರೆಯದೆ, ಮೆಲ್ಲಗೆ ಹೇಳಿದಳು:

"ಅಕ್ಕೋರೆ, ಕೂಗಿದ್ದು ನಾನು. ದಯಮಾಡಿ ಅವರನ್ನ ತಿರುಗಿ ಕರೀರಿ."