ಹೊಂಡುರಾಸಿನ ಮೆಣಸಿನಕಾಯಿ

ಟೈಟಸ್ ಹರ್ಸ್ಟ್‌ನ ಗ್ರಹಚಾರ ಕೆಟ್ಟದ್ದು ಒಂದು ಮೆಣಸಿನಕಾಯಿಯಿಂದ. ಹೊಂಡುರಾಸಿನಲ್ಲಿ ಹೊಸ ಸಭೆ ಕಟ್ಟುತ್ತಿದ್ದ ಮಿಷನರಿ ರಜೆಗೆ ಬಂದವನು, ಭಾನುವಾರದ ಚರ್ಚಿನ ಊಟಕ್ಕೆ ಅಲ್ಲಿಯ ಕಾಳಿನ ಪಲ್ಯ ಮಾಡಿ ಬಡಿಸಿದ. ಬೇಡವೆನ್ನಲು ನಾಚಿ ಟೈಟಸ್ ಅದರಲ್ಲಿದ್ದ ಇಡೀ ಮೆಣಸಿನಕಾಯಿಯನ್ನು ಅಗಿದುಬಿಟ್ಟ. ಸರಿಯಾಗಿ ಆಗಲೇ ಮಿಷನರಿ, "ಅಲ್ಲಿಗೆ ಇನ್ನೊಬ್ಬ ಪಾದ್ರಿ ಬೇಕು" ಎನ್ನುತ್ತಿದ್ದ. ಟೈಟಸನ ಕಣ್ಣಿಂದ ದಳದಳ ನೀರು ಸುರಿಯಿತು.

"ಪಾಪ, ಪರದೇಶದ ಆತ್ಮಗಳಿಗೋಸ್ಕರ ಎಷ್ಟು ಮರುಗ್ತಾನೆ ನೋಡಿ," ಎಂದಳು ಪಕ್ಕದ ಮನೆಯ ಲವೀನಾ. ಅವಳ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ? ಊಟ ಮುಗಿಯುವುದರೊಳಗೆ, ಆ ಪಾದ್ರಿ ಯಾರೆಂದು ಆರಿಸಲು ಸಂಜೆ ಚೀಟಿ ಎತ್ತುವ ಗಂಡಸರಲ್ಲಿ ಟೈಟಸನೂ ಸೇರಿದ್ದ.

ಪೆನ್ಸಿಲ್ವೇನಿಯಾದ ತನ್ನ ಕೊಟ್ಟಿಗೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿದವನಲ್ಲ ಅವನು. ಆದರೆ ಆರಿಸಿದರೆ ಹೋಗುತ್ತೇನೆಂದು ದೀಕ್ಷಾಸ್ನಾನದ ದಿನವೇ ಎಲ್ಲರಂತೆ ಮಾತು ಕೊಟ್ಟಾಗಿತ್ತು. ಈಗ ಜಾರಿಕೊಳ್ಳುವುದು ಹೇಗೆ?

ಮನೆಗೆ ಬಂದು ಹಾಲು ಕರೆಯಲು ಕೂತರೆ ಆಚೆ ಹೊಲದ ಆಲ್ವಿನ್ ಹಾಜರು. ಚೀಟಿ ಎತ್ತುವವರಲ್ಲಿ ಅವನ ಹೆಸರೂ ಬಂದಿತ್ತು, ಆದರೆ ಮುಖದಲ್ಲಿ ಚಿಂತೆಯೇ ಇಲ್ಲ.

"ಟೈಟಸಣ್ಣ, ನಿನ್ನ ಕಂದು ಹಸುನ ನಾನೇ ನೋಡ್ಕೋತೀನಿ," ಎಂದು ಅದರ ಬೆನ್ನು ಸವರಿದ.

"ನಾನಿನ್ನೂ ಹೋಗಿಲ್ಲ ಕಣಯ್ಯ."

"ಹೋಗೋರ ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡು."

ಲವೀನಾ ಸೊಳ್ಳೆಪರದೆ ಹೊಲಿದೇ ತಂದಳು. ಹೆಂಡತಿ ಎಡ್ನಾ ಮಾತ್ರ, "ರೀ, ಅಲ್ಲಿ ಹಿಮ ಬಾಚೋದೇ ಇಲ್ವಂತೆ," ಎಂದು ಹಾಡಿಕೊಂಡು ಓಡಾಡುತ್ತಿದ್ದಳು.

ಸಂಜೆ ಚರ್ಚಿನ ಮೇಜಿನ ಮೇಲೆ ಹಾಡಿನ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದರೊಳಗೆ ಚೀಟಿ, ಅದು ಸಿಕ್ಕವನೇ ಪಾದ್ರಿ. ಟೈಟಸ್ ಒಂದನ್ನು ಎತ್ತಿಕೊಂಡ. ಬಿಷಪ್ ಗೇಮನ್ ಅದನ್ನು ಬಿಡಿಸಿ ನೋಡಿದರು. ಏನೂ ಇರಲಿಲ್ಲ. ಆಲ್ವಿನ್ನನ ಪುಸ್ತಕ ಬಿಡಿಸಿದರು. ಚೀಟಿ ಅಲ್ಲಿತ್ತು.

ಆಲ್ವಿನ್ನನ ಮುಖ ಒಡೆದ ಹಾಲಾಯಿತು. ಟೈಟಸನಿಗೆ ಮಾತ್ರ ಹಿಡಿಸಲಾರದಷ್ಟು ಖುಷಿ. ಹಾರಿಹೋಗಿ ಅವನನ್ನು ತಬ್ಬಿಕೊಂಡ.

"ಹೆದರಬೇಡ ತಮ್ಮ, ಏನು ಬೇಕೋ ಕೇಳು. ನಮ್ಮ ಪಂಥದಲ್ಲಿ ದೇವರಾಣೆ ಅನ್ನೋ ಹಾಗಿಲ್ಲ, ಆದರೆ ನಾನು ಹೂಂ ಅಂದ್ರೆ ಹೂಂ. ಸಭೆಯೆಲ್ಲ ಕೇಳಿಸ್ಕೊಳ್ಳಿ."

ಆಲ್ವಿನ್ ಕಣ್ಣೊರೆಸಿಕೊಂಡು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಒಬ್ಬನೇ ಹೋಗೋಕೆ ಭಯ ಅಣ್ಣ. ನೀನೂ ಬಾ."

ಟೈಟಸ್ ಬಾಯಿ ತೆರೆಯುವುದರೊಳಗೆ ಬಿಷಪ್ "ಆಮೆನ್" ಎಂದರು. ಸಭೆಯೂ ಎಂದಿತು. ಎಲ್ಲರಿಗಿಂತ ಜೋರಾಗಿ ಎಂದವಳು ಎಡ್ನಾ.